ಗುಂಡು ಹಾರಿಸದ ಹಡಗಿಗೆ ಬೆಲೆಯಿಲ್ಲವೇ?

ಕೇಳುಗರಿಗೆ ನಮಸ್ಕಾರ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಹೊರವಲಯದಲ್ಲಿ ಬ್ಲ್ಯಾಕ್ ರಾಕ್ ಎಂಬ ಊರಿದೆ. ಅಲ್ಲಿನ ಹಾಫ್ ಮೂನ್ ಬೇ ಎಂಬ ಸಣ್ಣ ಕೊಲ್ಲಿಯಲ್ಲಿ, ದಡದಿಂದಲೇ ಕಾಣುವಷ್ಟು ಹತ್ತಿರದಲ್ಲಿ, ತುಕ್ಕು ಹಿಡಿದ ಕಬ್ಬಿಣದ ರಾಶಿಯೊಂದು ನೀರಿನಿಂದ ತಲೆ ಎತ್ತಿ ನಿಂತಿದೆ. ಅದು ‘ಸರ್ಬೆರಸ್’, ವಿಕ್ಟೋರಿಯಾ ವಸಾಹತಿನ ಕರಾವಳಿಯನ್ನು ಕಾಯಲೆಂದು ಕಟ್ಟಿದ ಕವಚನೌಕೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಂದರು ಕಾದರೂ ಶತ್ರುವಿನ ಮೇಲೆ ಒಂದೇ ಒಂದು ಗುಂಡನ್ನೂ ಹಾರಿಸದ ಈ ಹಡಗನ್ನು ಉಳಿಸಲು ಸಾರ್ವಜನಿಕರ ಹಣವನ್ನು ಏಕೆ ಸುರಿಯಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ; ಆದರೆ ಅದು ಹಡಗಿನ ಮಹತ್ವವನ್ನು ತಪ್ಪು ಜಾಗದಲ್ಲಿ ಹುಡುಕುತ್ತದೆ ಎಂಬುದು ನನ್ನ ವಾದ.

1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿದ ಮೇಲೆ ಮೆಲ್ಬರ್ನ್ ಕೆಲವೇ ವರ್ಷಗಳಲ್ಲಿ ಶ್ರೀಮಂತ ನಗರವಾಯಿತು. ಸಂಪತ್ತಿನ ಬೆನ್ನಿಗೇ ಭಯವೂ ಬಂತು. 1865ರ ಜನವರಿಯಲ್ಲಿ ಅಮೆರಿಕದ ಅಂತರ್ಯುದ್ಧದ ದಕ್ಷಿಣ ಪಕ್ಷಕ್ಕೆ ಸೇರಿದ ‘ಶೆನಂಡೋವಾ’ ಎಂಬ ದಾಳಿ ಹಡಗು ಯಾರ ಅಡ್ಡಿಯೂ ಇಲ್ಲದೆ ಬಂದರಿನೊಳಕ್ಕೆ ಬಂದು, ದುರಸ್ತಿ ಮಾಡಿಸಿಕೊಂಡು, ಗುಟ್ಟಾಗಿ ಸ್ಥಳೀಯರನ್ನೂ ನೌಕರಿಗೆ ಸೇರಿಸಿಕೊಂಡು ಹೊರಟುಹೋಯಿತು. ಜನರು ಅದನ್ನು ಜಾತ್ರೆಗೆ ಬಂದಂತೆ ಬಂದು ನೋಡಿದರೆಂಬುದು ಬೇರೆ ಮಾತು. ಬಂದವರು ಶತ್ರುಗಳೇ ಆಗಿದ್ದರೆ ತಡೆಯುವವರು ಯಾರು ಎಂಬ ಚಿಂತೆ ಮಾತ್ರ ವಸಾಹತಿನ ಸರ್ಕಾರವನ್ನು ಬಿಡಲಿಲ್ಲ. ಮೆಲ್ಬರ್ನ್ ಬಂದರಿರುವ ಪೋರ್ಟ್ ಫಿಲಿಪ್ ಕೊಲ್ಲಿಯ ಬಾಯಿ ಸುಮಾರು 3 ಕಿಲೋಮೀಟರ್ ಮಾತ್ರ ಅಗಲವಿದ್ದುದರಿಂದ, ದಡದ ಕೋಟೆಗಳ ಜೊತೆಗೆ ಒಂದು ಬಲವಾದ ಹಡಗಿದ್ದರೆ ಅದನ್ನು ಕಾಯಬಹುದೆಂಬ ಲೆಕ್ಕಾಚಾರ ಹುಟ್ಟಿತು. ಖರ್ಚಿನ ಬಹುಪಾಲನ್ನು ಬ್ರಿಟಿಷ್ ಸರ್ಕಾರವೇ ಹೊತ್ತುಕೊಂಡಿತು.

ಹಡಗಿನ ವಿನ್ಯಾಸ ಮಾಡಿದವನು ಬ್ರಿಟಿಷ್ ನೌಕಾಪಡೆಯ ಮುಖ್ಯ ನೌಕಾಶಿಲ್ಪಿ ಎಡ್ವರ್ಡ್ ರೀಡ್. ಅವನ ಎದುರಿಗಿದ್ದ ಸಮಸ್ಯೆ ಇದು: ಸುತ್ತಲೂ ತಿರುಗುವ ಟರೆಟ್, ಅಂದರೆ ಕವಚ ಹೊದ್ದ ಗೋಪುರದ ಒಳಗೆ ಫಿರಂಗಿಯನ್ನಿಟ್ಟರೆ ಯಾವ ದಿಕ್ಕಿಗಾದರೂ ಗುಂಡು ಹಾರಿಸಬಹುದು, ಆದರೆ ಹಾಯಿಕಂಬಗಳೂ ಅವುಗಳ ಹಗ್ಗಗಳೂ ಫಿರಂಗಿಯ ಎದುರಿಗೇ ಬರುತ್ತವೆ. ರೀಡ್ ಹಾಯಿಯನ್ನೇ ಕೈಬಿಟ್ಟ. 225 ಅಡಿ ಉದ್ದದ ಒಡಲು, ನೀರಿನಿಂದ ಕೆಲವೇ ಅಡಿ ಮೇಲಿರುವ ಡೆಕ್, ಅದರ ನಡುವೆ ಕವಚ ಹೊದ್ದ ಎದೆಮಟ್ಟದ ಕೋಟೆಗೋಡೆ, ಆ ಗೋಡೆಯ ಎರಡು ತುದಿಗಳಲ್ಲಿ ಒಂದೊಂದು ಟರೆಟ್, ಪ್ರತಿಯೊಂದರಲ್ಲೂ ತಲಾ 18 ಟನ್ ತೂಗುವ ಎರಡು ಫಿರಂಗಿಗಳು, ಎರಡು ಟರೆಟ್‌ಗಳ ನಡುವೆ ಹೊಗೆಕೊಳವೆ ಮತ್ತು ಹಡಗು ನಡೆಸುವವರ ಜಾಗ: ಇಷ್ಟೇ ಹಡಗು. ಯುದ್ಧದ ಹೊತ್ತಿಗೆ ಒಳಗಿನ ತೊಟ್ಟಿಗಳಿಗೆ ನೀರು ತುಂಬಿಸಿ ಒಡಲನ್ನು ಇನ್ನಷ್ಟು ಮುಳುಗಿಸುವ ವ್ಯವಸ್ಥೆಯೂ ಇತ್ತು. ಶತ್ರುವಿನ ಕಣ್ಣಿಗೆ ಗುರಿಯಾಗಿ ಉಳಿಯುವುದು ದಪ್ಪ ಕಬ್ಬಿಣ ಮಾತ್ರ. ಮುಂದೆ ಒಂದು, ಹಿಂದೆ ಒಂದು ಟರೆಟ್, ನಡುವೆ ಮೇಲ್ಕಟ್ಟು ಎಂಬ ಈ ಜೋಡಣೆಯನ್ನು ರೀಡ್ ತನ್ನ ‘ಡೆವಾಸ್ಟೇಷನ್’ ಹಡಗಿನಲ್ಲಿ ಸಾಗರಕ್ಕೆ ಒಗ್ಗಿಸಿದ, ಮುಂದಿನ ಹಲವು ದಶಕಗಳ ಯುದ್ಧನೌಕೆಗಳು ಅದೇ ಜಾಡಿನಲ್ಲಿ ಬಂದವು.

ರೀಡ್‌ನ ಹಟ ಸರಿಯಾಗಿತ್ತೆಂಬುದಕ್ಕೆ ಭೀಕರವಾದ ಸಾಕ್ಷಿ ಬೇಗನೆ ಸಿಕ್ಕಿತು. ಟರೆಟ್‌ನ ಕಲ್ಪನೆಗಾಗಿ ಬ್ರಿಟನ್ನಿನಲ್ಲಿ ಬಹುಕಾಲ ಹೋರಾಡಿದ ಕೂಪರ್ ಕೋಲ್ಸ್, ತಗ್ಗು ಡೆಕ್ಕಿನ ಮೇಲೆ ಎತ್ತರದ ಹಾಯಿಕಂಬಗಳನ್ನೂ ಹೊತ್ತ ‘ಕ್ಯಾಪ್ಟನ್’ ಎಂಬ ಹಡಗನ್ನು ರೀಡ್‌ನ ಆಕ್ಷೇಪವನ್ನೂ ಮೀರಿ ಕಟ್ಟಿಸಿದ್ದ. 1870ರ ಸೆಪ್ಟೆಂಬರ್‌ನಲ್ಲಿ ಸ್ಪೇನ್ ಕರಾವಳಿಯಾಚೆ ಒಂದು ರಾತ್ರಿಯ ಬಿರುಗಾಳಿಗೆ ಅದು ಮಗುಚಿಕೊಂಡಿತು. ಸತ್ತ ಸುಮಾರು 480 ಜನರಲ್ಲಿ ಕೋಲ್ಸ್ ಕೂಡ ಒಬ್ಬ. ಅದಾದ ಕೆಲವೇ ವಾರಗಳಲ್ಲಿ ಸರ್ಬೆರಸ್ ಇಂಗ್ಲೆಂಡಿನಿಂದ ಹೊರಡಬೇಕಿತ್ತು. ಪ್ರಯಾಣಕ್ಕೆಂದೇ ಅದರ ಪಕ್ಕಗಳನ್ನು ತಾತ್ಕಾಲಿಕವಾಗಿ ಎತ್ತರಿಸಿ, ಬೇಡವೆಂದು ಬಿಟ್ಟಿದ್ದ ಹಾಯಿಕಂಬಗಳನ್ನೇ ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಇಂಥ ಹಡಗಿನಲ್ಲಿ ಹೋಗುವುದಕ್ಕೆ ನಾವಿಕರು ಹಿಂಜರಿದರೆ ಅವರನ್ನು ಹೇಡಿಗಳೆಂದು ನಾನಂತೂ ಕರೆಯಲಾರೆ. ಹಡಗಿನ ನಾಯಕ ಲೆಫ್ಟಿನೆಂಟ್ ಪ್ಯಾಂಟರ್ ಸಿಬ್ಬಂದಿಯನ್ನು ಹಿಡಿದಿಟ್ಟುಕೊಳ್ಳಲು ಹೆಣಗಾಡುತ್ತಲೇ, ಆಗಷ್ಟೇ ತೆರೆದಿದ್ದ ಸೂಯೆಜ್ ಕಾಲುವೆಯ ಮೂಲಕ ಅದನ್ನು ತಂದು 1871ರ ಏಪ್ರಿಲ್‌ನಲ್ಲಿ ಮೆಲ್ಬರ್ನ್ ಮುಟ್ಟಿಸಿದ. ಆ ಹಡಗು ಎದುರಿಸಿದ ನಿಜವಾದ ಯುದ್ಧ ಇದೇ ಇರಬೇಕು.

ಆಮೇಲಿನ ಕಥೆಯಲ್ಲಿ ಹೆಚ್ಚೇನೂ ಇಲ್ಲ. ಕವಾಯತು, ತಾಲೀಮು, ಮೊದಲ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ದಾಸ್ತಾನು, ಜಲಾಂತರ್ಗಾಮಿಗಳಿಗೆ ಆಸರೆ. 1924ರಲ್ಲಿ ಗುಜರಿಗೆ ಮಾರಾಟ. 1926ರಲ್ಲಿ ಸ್ಥಳೀಯ ಪುರಸಭೆಯು ಉಳಿದ ಒಡಲನ್ನು 150 ಪೌಂಡಿಗೆ ಕೊಂಡು, ಅಲೆಗಳಿಗೆ ತಡೆಗೋಡೆಯಾಗಲೆಂದು ಹಾಫ್ ಮೂನ್ ಬೇಯಲ್ಲಿ ಮುಳುಗಿಸಿತು. ಈ ಅಗ್ಗದ ವ್ಯಾಪಾರವೇ ಅದನ್ನು ಉಳಿಸಿತು, ಏಕೆಂದರೆ ತೆಗೆಯಲು ದುಬಾರಿಯಾದ ಫಿರಂಗಿಗಳೂ ಟರೆಟ್‌ಗಳೂ ಹಡಗಿನಲ್ಲೇ ಉಳಿದುಹೋದವು. ಡೆಕ್ಕಿನ ನಡುವೆ ಕೋಟೆಗೋಡೆ ಕಟ್ಟಿದ ಈ ಬಗೆಯ ಕವಚನೌಕೆಗಳಲ್ಲಿ ಇಂದು ಜಗತ್ತಿನಲ್ಲಿ ಉಳಿದಿರುವುದು ಇದೊಂದೇ.

ನಮ್ಮ ಕಡೆಗೂ ಇದರ ಒಂದು ಎಳೆ ಬರುತ್ತದೆ. ಇದೇ ವಿನ್ಯಾಸದ ಇನ್ನೊಂದು ಹಡಗು ‘ಮ್ಯಾಗ್ಡಾಲಾ’ ಮತ್ತು ಅದಕ್ಕಿಂತ ಸ್ವಲ್ಪ ಕಡಿಮೆ ಖರ್ಚಿನ ‘ಅಬಿಸೀನಿಯಾ’ ಎರಡನ್ನೂ ಲಂಡನ್ನಿನಲ್ಲಿ ಕಟ್ಟಿಸಿ ಬೊಂಬಾಯಿ ಬಂದರಿನ ಕಾವಲಿಗೆ ತರಲಾಗಿತ್ತು. ಬೊಂಬಾಯಿಯಿಂದ ಹೊರಟ ಬ್ರಿಟಿಷ್ ಸೇನಾನಿ ರಾಬರ್ಟ್ ನೇಪಿಯರ್‌ನ ದಂಡು 1868ರಲ್ಲಿ, ಆಗ ಅಬಿಸೀನಿಯಾ ಎನಿಸಿದ್ದ ಇಥಿಯೋಪಿಯಾದ ಮ್ಯಾಗ್ಡಾಲಾ ಕೋಟೆಯನ್ನು ಗೆದ್ದುದರ ನೆನಪಿಗೆ ಇಟ್ಟ ಹೆಸರುಗಳವು. ಮೂರು ದಶಕ ಅಲ್ಲಿ ನಿಂತು, ಅವೂ ಶತ್ರುವನ್ನು ಕಾಣದೆ, 1900ರ ದಶಕದ ಆರಂಭದಲ್ಲಿ ಗುಜರಿಗೆ ಹೋದವು. ಬೊಂಬಾಯಿಯನ್ನು ಕಾದ ಮ್ಯಾಗ್ಡಾಲಾ ಹೇಗಿತ್ತೆಂದು ಕಣ್ಣಾರೆ ತಿಳಿಯಬೇಕಾದರೆ ಈಗ ಮೆಲ್ಬರ್ನಿಗೇ ಹೋಗಬೇಕು.

ಈಗ ಹಣದ ಪ್ರಶ್ನೆಗೆ ಬರುತ್ತೇನೆ. 1993ರ ಡಿಸೆಂಬರ್‌ನಲ್ಲಿ ತಳದ ಭಾಗ ಕುಸಿದು, ಭಾರವಾದ ಮೇಲ್ಭಾಗವು ಕೆಳಕ್ಕೆ ಕೂತಿತು. ರಾಷ್ಟ್ರೀಯ ಪರಂಪರೆಯ ಪಟ್ಟಿಯಲ್ಲಿ ಹೆಸರು ಸೇರಿದ್ದು ಅದಾದ ಹನ್ನೆರಡು ವರ್ಷಗಳಿಗೆ, 2005ರಲ್ಲಿ. ಭಾರ ತಗ್ಗಿಸಲೆಂದು ನಾಲ್ಕೂ ಫಿರಂಗಿಗಳನ್ನು ಇಳಿಸಿ ಪಕ್ಕದ ಸಮುದ್ರತಳದಲ್ಲಿ ಇರಿಸಿದ್ದೂ ಕುಸಿತದ ನಂತರವೇ. ತಳ ಗಟ್ಟಿಯಿದ್ದ ಅರವತ್ತೇಳು ವರ್ಷಗಳಲ್ಲಿ ಆಗಬೇಕಿದ್ದ ಕೆಲಸ ಆಗಲಿಲ್ಲ. ಇಡೀ ಹಡಗನ್ನು ಮೇಲೆತ್ತಿ ಮ್ಯೂಸಿಯಂ ಮಾಡುವ ಕನಸಿಗೆ ಇನ್ನು ಹಣ ಹಾಕುವುದು ನನ್ನ ದೃಷ್ಟಿಯಲ್ಲಿ ದಂಡ. ಒಡಲಿನ ತೆಳುವಾದ ಕಬ್ಬಿಣವನ್ನು ಉಪ್ಪುನೀರು ಹೇಗೂ ತಿನ್ನುತ್ತದೆ. ಆದರೆ ಎರಡು ಟರೆಟ್‌ಗಳನ್ನೂ ಅವುಗಳನ್ನು ಹೊತ್ತ ಕೋಟೆಗೋಡೆಯನ್ನೂ ಕೆಳಗಿನಿಂದ ಭದ್ರವಾಗಿ ಆನಿಸಿ ನಿಲ್ಲಿಸುವುದು ಅದಕ್ಕಿಂತ ಸಣ್ಣ ಕೆಲಸ, ಮತ್ತು ರೀಡ್‌ನ ಆಲೋಚನೆಯೆಲ್ಲ ಇರುವುದು ಆ ಭಾಗದಲ್ಲೇ. ಹಣ ಒಂದಕ್ಕೇ ಸಾಲುವುದಾದರೆ ಮೊದಲು ಅದಕ್ಕೆ ಕೊಡಲಿ, ಒಡಲನ್ನು ಸಮುದ್ರಕ್ಕೆ ಬಿಡಲಿ.