ಬಿಸಿ ಬ್ಯಾಟರಿಗೆ ಚಾರ್ಜರ್ ಬೇಡ

ಎಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ರೇಡಿಯೋ ಹಾಕಿಕೊಂಡು ಕೆಲಸ ಮಾಡುವವರು ಯಾರು ಅಂತ ನನಗೆ ಚೆನ್ನಾಗಿ ಗೊತ್ತು. ಪ್ಲೈವುಡ್ ಕೊಯ್ಯುತ್ತಿರುವ ಬಡಗಿಗಳು, ಗೋಡೆಗೆ ತೂತು ಹಾಕುತ್ತಿರುವ ಎಲೆಕ್ಟ್ರಿಷಿಯನ್ನರು, ಕಾಫಿ ತೋಟದಲ್ಲಿ ಬ್ಯಾಟರಿ ಕತ್ತರಿ ಹಿಡಿದು ಕಪಾತು ಮಾಡುತ್ತಿರುವವರು. ಡ್ರಿಲ್ಲಿನ ಸದ್ದು ಒಂದು ಹತ್ತು ನಿಮಿಷ ನಿಲ್ಲಿಸಿ. ಆ ಡ್ರಿಲ್ಲಿನ ಬ್ಯಾಟರಿ ಬಗ್ಗೆಯೇ ಮಾತು.

ನನ್ನದು ಇಂಥ ಟೂಲುಗಳ ರಿಪೇರಿ ಅಂಗಡಿ. ಒಂದೇ ಮಾತು ಹೇಳಿ ಎದ್ದು ಹೋಗಿ ಅಂದರೂ ನಾನು ರೆಡಿ. ಆ ಮಾತು ಇದು: ಬಿಸಿಯಾದ ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಬೇಡಿ.

ನಿಮ್ಮ 18 ವೋಲ್ಟ್ ಪ್ಯಾಕನ್ನು ಬಿಚ್ಚಿದರೆ ಒಳಗೆ ಉದ್ದನೆಯ ಲಿಥಿಯಂ ಸೆಲ್‌ಗಳು ಕಾಣುತ್ತವೆ. ಹೆಚ್ಚಿನವು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದಕ್ಕೇ ಆ ಸೆಲ್ಲಿಗೆ 18650 ಅಂತ ಹೆಸರು. ಒಂದೊಂದೂ 3.6 ವೋಲ್ಟ್. ಐದನ್ನು ಸಾಲಾಗಿ ಜೋಡಿಸಿದರೆ 18. ಪೂರ್ತಿ ಚಾರ್ಜ್ ಆದಾಗ ಸೆಲ್ಲಿಗೆ 4.2, ಐದಕ್ಕೆ 21. ಕೆಲವು ಕಂಪನಿಗಳು ಇದೇ ಪ್ಯಾಕಿಗೆ 20 ವೋಲ್ಟ್ ಅಂತ ಚೀಟಿ ಹಚ್ಚುತ್ತವೆ. 18 ವೋಲ್ಟಿಗಿಂತ 20 ವೋಲ್ಟ್ ಜೋರು ಅಂತ ಅಂಗಡಿಯಲ್ಲಿ ವಾದ ಮಾಡುವವರನ್ನು ನೋಡಿದರೆ ನನಗೆ ಸುಸ್ತಾಗುತ್ತದೆ. ಎರಡೂ ಒಂದೇ. ಬಿಟ್ಟುಬಿಡಿ.

ಈ ಸೆಲ್ಲಿನ ಒಳಗೆ ಒಂದು ದ್ರವ ಇರುತ್ತದೆ. ಬಿಸಿ ಹೆಚ್ಚಾದಷ್ಟೂ ಅದು ಬೇಗ ಕೆಡುತ್ತದೆ. ಕೆಟ್ಟದ್ದು ಒಳಗೇ ಪೊರೆಯ ಹಾಗೆ ಕಟ್ಟಿಕೊಳ್ಳುತ್ತದೆ, ಕರೆಂಟ್ ಹರಿಯುವ ದಾರಿ ಇಕ್ಕಟ್ಟಾಗುತ್ತದೆ. ಮುಂದಿನ ಸಲ ಇನ್ನೂ ಜಾಸ್ತಿ ಬಿಸಿ. ಈ ಪೊರೆ ಮತ್ತೆ ಹೋಗುವುದಿಲ್ಲ. ಈಗಾಗಲೇ ಕಾದಿರುವ ಪ್ಯಾಕಿಗೆ ಚಾರ್ಜರ್ ಹಾಕಿದರೆ ಬಿಸಿಯ ಮೇಲೆ ಬಿಸಿ. ಚಾರ್ಜ್ ಮಾಡುವಾಗ ಸುತ್ತಲಿನ ಗಾಳಿ 40 ಡಿಗ್ರಿ ದಾಟಬಾರದು ಅಂತ ಎಷ್ಟೋ ಕಂಪನಿಗಳ ಪುಸ್ತಕದಲ್ಲೇ ಇದೆ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳು ನೆನಪಿಸಿಕೊಳ್ಳಿ. ಅಲ್ಲಿ ನೆರಳಲ್ಲೇ 40 ದಾಟುತ್ತದೆ. ಆದರೆ ಪುಸ್ತಕ ಓದುವವರು ಯಾರು? ಡಬ್ಬಿಯ ಜೊತೆ ಅದೂ ಗುಜರಿಗೆ ಹೋಗುತ್ತದೆ.

ಒಬ್ಬ ಮೇಸ್ತ್ರಿಯ ಕಥೆ ಹೇಳುತ್ತೇನೆ. ಹಾಸನದ ಕಡೆಯವರು, ಒಳ್ಳೆಯ ಕೆಲಸಗಾರ. ಪ್ರತಿ ಬೇಸಿಗೆಯಲ್ಲೂ ಸತ್ತ ಬ್ಯಾಟರಿ ಹಿಡಿದು ನನ್ನ ಅಂಗಡಿಗೆ ಬರುತ್ತಿದ್ದರು. "ಸಾರ್, ಈ ಕಂಪನಿ ಮಾಲೇ ಸರಿ ಇಲ್ಲ." ಮುಂದಿನ ಬೇಸಿಗೆಗೆ ಬೇರೆ ಕಂಪನಿಯ ಸೆಟ್. ಅದೂ ಸತ್ತಿತು. "ಸಾರ್, ಎಲ್ಲ ಕಂಪನಿಯವರೂ ಸೇರಿ ನಮ್ಮ ದುಡ್ಡು ತಿಂತಾ ಇದಾರೆ." ಮೇಸ್ತ್ರಿ, ನಿಮ್ಮ ಸೈಟ್ ಒಮ್ಮೆ ತೋರಿಸಿ ಅಂದೆ.

ಹೋಗಿ ನೋಡಿದರೆ ಮೇಲೆ ಶೀಟಿನ ಶೆಡ್ಡು, ಒಳಗೆ ಒಲೆಯಂಥ ಕಾವು. ಚಾರ್ಜರ್ ಇಟ್ಟಿದ್ದು ಕಿಟಕಿ ದಂಡೆಯ ಮೇಲೆ, ನೇರ ಬಿಸಿಲಿಗೆ. ಒಬ್ಬ ಹುಡುಗ ಗ್ರೈಂಡರಿನಲ್ಲಿ ಕಬ್ಬಿಣ ಕೊಯ್ಯುತ್ತಿದ್ದ. ಬ್ಯಾಟರಿ ಖಾಲಿಯಾಯಿತು. ಕಿತ್ತವನೇ ಲುಂಗಿಯ ತುದಿಯಲ್ಲಿ ಹಿಡಿದುಕೊಂಡು ಓಡಿದ. ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿ! ಚಾರ್ಜರ್‌ಗೆ ಹಾಕಿದ. ಅದು ಕೆಂಪು ದೀಪ ಮಿನುಗಿಸಿ ಸುಮ್ಮನಾಯಿತು. ಒಳ್ಳೆಯ ಚಾರ್ಜರ್ ಹಾಗೇ ಮಾಡುತ್ತದೆ, ತಣ್ಣಗಾಗುವ ತನಕ ಕರೆಂಟ್ ಕೊಡುವುದಿಲ್ಲ. ಚಾರ್ಜರಿಗಿರುವ ಬುದ್ಧಿ ನಮಗಿಲ್ಲವಲ್ಲ ಅಂದುಕೊಂಡೆ.

ಆಮೇಲೆ ಆ ಹುಡುಗ ಏನು ಮಾಡಿದ ಗೊತ್ತಾ? ಬ್ಯಾಟರಿ ತೆಗೆದುಕೊಂಡು ಮನೆಯೊಡತಿಯ ಅಡುಗೆಮನೆಗೆ ನುಗ್ಗಿದ. ಫ್ರಿಜ್ಜಿನ ಬಾಗಿಲು ತೆಗೆದ ಸದ್ದು, ಹಿಂದೆಯೇ ಅಮ್ಮನವರ ಕೂಗು. "ಹಾಲಿನ ಪಾತ್ರೆ ಪಕ್ಕ ಆ ಕೊಳಕು ಇಡಬೇಡ ಅಂತ ಎಷ್ಟು ಸಲ ಹೇಳಲೋ ನಿನಗೆ!" ಇದು ದಿನಾ ನಡೆಯುವ ಕೆಲಸವಂತೆ. ಫ್ರಿಜ್ಜಿನಿಂದ ತೆಗೆದ ಬ್ಯಾಟರಿಯ ಮೇಲೆ ನೀರು ಬೆವರಿನ ಹಾಗೆ ಕಟ್ಟಿತ್ತು. ಅದನ್ನು ಹಾಗೇ ಚಾರ್ಜರಿಗೆ ತುರುಕುತ್ತಿದ್ದರು. ಸತ್ತ ಪ್ಯಾಕ್ ಒಂದನ್ನು ಅಂಗಡಿಗೆ ತಂದು ಬಿಚ್ಚಿದೆ. ಒಳಗಿನ ಬೋರ್ಡಿನ ಮೇಲೆ ಹಸಿರು ಕಿಲುಬು. ಐದು ಸೆಲ್‌ಗಳಲ್ಲಿ ಒಂದು ಸೊನ್ನೆಗೆ ಬಂದಿತ್ತು. ಒಂದು ಕುಂಟಿದರೆ ಇಡೀ ಪ್ಯಾಕೇ ಕುಂಟುತ್ತದೆ, ಉಳಿದ ನಾಲ್ಕು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಮೇಸ್ತ್ರಿಗೆ ನಾನು ಹೇಳಿದ್ದು ಇಷ್ಟೇ. ಚಾರ್ಜರನ್ನು ಜಗಲಿಯ ನೆರಳಿಗೆ ತನ್ನಿ. ಇನ್ನೊಂದು ಬ್ಯಾಟರಿ ಜಾಸ್ತಿ ಇಟ್ಟುಕೊಳ್ಳಿ. ಒಂದು ಗ್ರೈಂಡರಿನಲ್ಲಿ, ಒಂದು ಸುಮ್ನೆ ಆರುತ್ತಾ, ಒಂದು ಚಾರ್ಜರಿನಲ್ಲಿ. ಫ್ರಿಜ್ ಬೇಡ, ಒದ್ದೆ ಬಟ್ಟೆ ಬೇಡ. ಅರ್ಧ ಗಂಟೆ ಗಾಳಿಗಿಟ್ಟರೆ ಸಾಕು. "ಇದಕ್ಕೆ ಇನ್ನೊಂದು ಬ್ಯಾಟರಿ ದುಡ್ಡು ಹಾಕಬೇಕಾ ಸಾರ್?" ಅಂತ ಮುಖ ಸಣ್ಣ ಮಾಡಿದರು. ಪ್ರತಿ ಬೇಸಿಗೆ ಹೊಸ ಸೆಟ್ ತಗೊಳ್ಳೋಕೆ ದುಡ್ಡಿತ್ತಲ್ಲ ಮೇಸ್ತ್ರಿ, ಅಂದೆ. ನಕ್ಕರು. ಈಗಲೂ ಅಂಗಡಿಗೆ ಬರುತ್ತಾರೆ, ಡ್ರಿಲ್ಲಿನ ಬಿಟ್ ಕೊಳ್ಳೋಕೆ. ಮನೆಯೊಡತಿಯ ಹಾಲು ಆಮೇಲೆ ಕೆಡಲಿಲ್ಲ ಅಂತ ಸುದ್ದಿ.

ಕಥೆ ಉದ್ದವಾಯಿತು. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಇರಲಿ, ಬೇಗ ಬೇಗ ಹೇಳುತ್ತೇನೆ.

ಹೊಸ ಬ್ಯಾಟರಿ ಕೊಳ್ಳುವಾಗ ಅದೇ ಕಂಪನಿಯದು, ಅದೇ ವೋಲ್ಟಿನದು ತಗೊಳ್ಳಿ. ಆಂಪಿಯರ್ ಅವರ್, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ, ಅದು ಮಾತ್ರ ಜಾಸ್ತಿ ಇರಲಿ. 2 ಇದ್ದ ಕಡೆ 4 ಹಾಕಬಹುದು, ಟೂಲಿಗೆ ಏನೂ ಆಗುವುದಿಲ್ಲ. 2ರ ಪ್ಯಾಕಿನಲ್ಲಿ ಐದು ಸೆಲ್. 4ರದ್ದರಲ್ಲಿ ಸಾಮಾನ್ಯವಾಗಿ ಹತ್ತು, ಎರಡೆರಡು ಜೋಡಿಯಾಗಿ. ಒಂದೊಂದು ಸೆಲ್ಲಿನಲ್ಲಿ ಹರಿಯುವ ಕರೆಂಟ್ ಅರ್ಧ. ಕರೆಂಟ್ ಅರ್ಧವಾದರೆ ಆ ಸೆಲ್ಲಿನ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ನೋಡಿದಿರಾ, ಮತ್ತೆ ಬಿಸಿಯ ವಿಷಯಕ್ಕೇ ಬಂದೆವು. ಚಿಕ್ಕ ಪ್ಯಾಕ್ ಡ್ರಿಲ್ಲಿಗೆ ಸಾಕು. ಗ್ರೈಂಡರಿಗೆ, ಗರಗಸಕ್ಕೆ ದೊಡ್ಡ ಪ್ಯಾಕೇ ಹಾಕಿ.

ಸೆಲ್ ಬದಲಾಯಿಸುತ್ತೇನೆ ಅಂತ ಹೊರಟವರಿಗೆ ಒಂದು ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಲ್ ಸಿಗುತ್ತದೆ, ನಿಜ. ಆದರೆ 18650 ಸೆಲ್ಲಿನ ಮೇಲೆ 9900 ಎಂಎಎಚ್, ಅಂದರೆ ಸುಮಾರು 10 ಆಂಪಿಯರ್ ಅವರ್ ಅಂತ ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ. ಆ ಗಾತ್ರದ ಸೆಲ್ಲಿನಲ್ಲಿ ಅಷ್ಟು ಹಿಡಿಸುವುದೇ ಇಲ್ಲ. ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲೂ ಬೇಡ. ಅದು ನಿಧಾನವಾಗಿ ಕರೆಂಟ್ ಕೊಡಲು ಮಾಡಿದ ಸೆಲ್, ಡ್ರಿಲ್ ಎಳೆಯುವ ಎಳೆತಕ್ಕೆ ಕುದಿದುಹೋಗುತ್ತದೆ. ಸೆಲ್ಲಿನ ತಲೆಗೆ ಸೋಲ್ಡರ್ ಇಕ್ಕುವುದಂತೂ ಬೇಡವೇ ಬೇಡ. ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡುವವರ ಕೈಗೆ ಕೊಡಿ. ಇನ್ನು ಅಗ್ಗದ ಡ್ರಿಲ್ ಸೆಟ್ಟಿನ ಮೇಲೆ 48, 88 ಅಂತ ವೋಲ್ಟಿನ ಹಾಗೆ ದಪ್ಪಕ್ಷರದಲ್ಲಿ ಬರೆದಿರುತ್ತಾರಲ್ಲ, ಒಳಗೆ ಸೆಲ್ ಎಣಿಸಿ. ಹೆಚ್ಚಾಗಿ ಐದೇ ಇರುತ್ತವೆ.

ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಅಂತ ಹಿರಿಯರು ಹೇಳುತ್ತಾರೆ. ಅದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಕಾಲದ ಮಾತು. ಲಿಥಿಯಂಗೆ ಅದು ಬೇಡ. ಟೂಲ್ ಎಳೆಯಲು ಕಷ್ಟಪಡುತ್ತಿದೆ ಅಂದ ಕೂಡಲೇ ನಿಲ್ಲಿಸಿ, ಆರಲು ಬಿಡಿ, ಆಮೇಲೆ ಚಾರ್ಜ್ ಮಾಡಿ. ಆ ನಿಕಲ್ ಕ್ಯಾಡ್ಮಿಯಂ ಕಾಲದ ಚಾರ್ಜರನ್ನು ಲಿಥಿಯಂ ಪ್ಯಾಕಿಗೆ ಹಾಕುವುದಂತೂ ಬೆಂಕಿಯ ಜೊತೆ ಆಟ.

ಮಳೆಗಾಲದಲ್ಲಿ ಕೆಲಸ ನಿಂತಾಗ ಅರ್ಧ ಚಾರ್ಜ್ ಇಟ್ಟು, ಟೂಲಿನಿಂದ ಕಳಚಿ, ಒಣ ಜಾಗದಲ್ಲಿಡಿ. ಬಿಸಿಲಿಗೆ ನಿಲ್ಲಿಸಿದ ಗಾಡಿಯ ಡಿಕ್ಕಿಯಲ್ಲಿ ಬ್ಯಾಟರಿ ಬಿಡಬೇಡಿ. ಯಾಕೆ ಅಂತ ಮತ್ತೆ ಹೇಳಬೇಕಾ?

ಸತ್ತ ಪ್ಯಾಕನ್ನು ಕಸದ ಗಾಡಿಗೆ ಎಸೆಯಬೇಡಿ. ತುದಿಗಳಿಗೆ ಟೇಪ್ ಸುತ್ತಿ, ಮಾರಿದ ಅಂಗಡಿಯಲ್ಲಿ ಅಥವಾ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಹೊಣೆ ತಯಾರಕರದ್ದು. ತಗೊಳ್ಳಲ್ಲ ಅಂದರೆ ಆ ನಿಯಮದ ಹೆಸರು ಹೇಳಿ ಕೇಳಿ. ನಮಸ್ಕಾರ.