ಮೊದಲು ಮರ ಒಣಗಲಿ, ಆಮೇಲೆ ಕಲ್ಲು

ಕೇಳುಗರೆಲ್ಲರಿಗೂ ನಮಸ್ಕಾರ.

ಮರದ ಬಟ್ಟಲನ್ನು ಲೇತ್ ಮೇಲೆ, ಅಂದರೆ ಮರವನ್ನು ಗಿರಗಿರ ತಿರುಗಿಸುವ ಯಂತ್ರದ ಮೇಲೆ ಕಡೆದು, ಅದರ ಅಂಚಿನ ಸುತ್ತ ಬಣ್ಣದ ಕಲ್ಲು ಕೂರಿಸುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಸಂತೋಷ. ಈ ಕೆಲಸ ಕಲಿಯಲು ಬರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಯಾವ ಅಂಟು ಹಾಕಬೇಕು ಅನ್ನುವುದು. ಎರಡನೆಯದು, ನೀಲಿ ಕಲ್ಲು ಎಲ್ಲಿ ಸಿಗುತ್ತೆ ಅನ್ನುವುದು. ಮರ ಒಣಗಿದೆಯಾ ಅಂತ ಯಾರೂ ಕೇಳುವುದಿಲ್ಲ. ನನಗೆ ಹೇಳಬೇಕಿರುವುದು ಅದೊಂದೇ. ಮರ ಪೂರ್ತಿ ಒಣಗುವ ತನಕ ಕಲ್ಲು ಮುಟ್ಟಬೇಡಿ.

ಯಾಕೆ ಅಂತೀರಾ? ಮಳೆಗಾಲದಲ್ಲಿ ನಿಮ್ಮ ಮನೆಯ ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಸಲೀಸಾಗಿ ಹಾಕಿಕೊಳ್ಳುತ್ತದೆ ಅಲ್ವಾ? ಮರ ತೇವ ಕುಡಿದು ಉಬ್ಬುತ್ತದೆ, ತೇವ ಬಿಟ್ಟು ಕುಗ್ಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಎಳೆಯ, ಅಂದರೆ ಮರದ ನಾರಿನ, ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನಬಹುದು. ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ. ಹಾಗಾಗಿ ಹಸಿ ಮರದಲ್ಲಿ ನೀವು ಎಷ್ಟೇ ದುಂಡಗೆ ಕಡೆದರೂ, ಒಣಗಿದ ಮೇಲೆ ಬಟ್ಟಲು ಮೊಟ್ಟೆಯಾಕಾರ ಆಗುತ್ತದೆ. ಕಲ್ಲು ಮಾತ್ರ ಇದ್ದ ಹಾಗೇ ಇರುತ್ತದೆ. ಆಗ್ರಾದಲ್ಲಿ ಅಮೃತಶಿಲೆಯೊಳಗೆ ಬಣ್ಣದ ಕಲ್ಲು ಕೂರಿಸಿದರು, ಕಲ್ಲಿಗೆ ಕಲ್ಲು, ತಕರಾರಿಲ್ಲ. ನಮ್ಮ ಮೈಸೂರಿನವರು ಬೀಟೆ ಮರದೊಳಗೆ ಬೇರೆ ಬಣ್ಣದ ಮರದ ಚೂರು ಕೂರಿಸುತ್ತಾರೆ, ಮರಕ್ಕೆ ಮರ. ನಾವು ಹೊರಟಿರುವುದು ಮರಕ್ಕೆ ಕಲ್ಲು ಸೇರಿಸಲು. ಕಷ್ಟ ಇರುವುದು ಇಲ್ಲೇ.

ಒಂದು ಪ್ರಸಂಗ ಹೇಳುತ್ತೇನೆ. ತುಮಕೂರಿನ ಕಡೆಯ ಒಬ್ಬ ಹುಡುಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಮನೆಯ ಗ್ಯಾರೇಜಿನಲ್ಲಿ ಸಣ್ಣ ಲೇತ್ ಇಟ್ಟುಕೊಂಡಿದ್ದಾನೆ, ಕೈ ಒಳ್ಳೆಯದು. ಮೇ ತಿಂಗಳ ಗಾಳಿ ಮಳೆಗೆ ಅವರ ತೋಟದಲ್ಲಿ ಅಜ್ಜಿ ನೆಟ್ಟಿದ್ದ ಮಾವಿನ ಮರ ಉರುಳಿತು. ಅದರದ್ದೇ ಒಂದು ತುಂಡು ತಂದು, ಅಕ್ಕನ ಗೃಹಪ್ರವೇಶಕ್ಕೆ ಬಟ್ಟಲು ಮಾಡಿಕೊಡಬೇಕು ಅಂದ. ಉಳಿ ತಾಗಿಸಿದರೆ ಮುಖಕ್ಕೆ ನೀರು ಸಿಡಿಯುತ್ತಿತ್ತು, ಅಷ್ಟು ಹಸಿ. "ಒರಟಾಗಿ ಕಡೆದು ಇಡಪ್ಪ, ಯುಗಾದಿ ಆದ ಮೇಲೆ ಮುಗಿಸೋಣ" ಅಂದೆ. "ಇಲ್ಲ ಸಾರ್, ಶ್ರಾವಣಕ್ಕೇ ಬೇಕು" ಅಂದ.

ತಾನೇ ಮಾಡಿಕೊಂಡ. ಚೆನ್ನಾಗಿಯೇ ಮಾಡಿದ್ದ, ಸುಮ್ನೆ ಹೇಳಬಾರದು. ಹೊಂಬಣ್ಣದ ಮಾವು, ಅಂಚಿನ ಕೆಳಗೆ ಕಿರುಬೆರಳಗಲ ನೀಲಿ ಕಲ್ಲಿನ ಪಟ್ಟಿ. ಗೃಹಪ್ರವೇಶಕ್ಕೆ ಬಂದವರೆಲ್ಲ ಅದನ್ನೇ ಎತ್ತಿ ಎತ್ತಿ ನೋಡಿದರಂತೆ. ಸಂಕ್ರಾಂತಿ ಕಳೆಯಿತು, ಬಿಸಿಲು ಏರಿತು. ರಾತ್ರಿ ಹೊತ್ತು ಷೋಕೇಸಿನಿಂದ ಟಿಕ್, ಟಿಕ್ ಅಂತ ಸದ್ದು. ಹಲ್ಲಿ ಲೊಚಗುಟ್ಟಿತು ಅಂತ ಅಕ್ಕನ ಅತ್ತೆ ಪ್ರತಿಸಲ ನೆಲ ತಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ನೀಲಿ ಪಟ್ಟಿಯ ತುಂಡೊಂದು ಕಳಚಿ ಬಿದ್ದಿದೆ!

ಬಟ್ಟಲನ್ನು ನನ್ನ ಹತ್ತಿರ ತಂದ. ಅಳೆದೆವು. ಎಳೆಯ ಉದ್ದಕ್ಕೆ 25 ಸೆಂಟಿಮೀಟರ್. ಅಡ್ಡಕ್ಕೆ 24. ಎಳೆಯ ಎರಡು ತುದಿಗಳಲ್ಲಿ ಕಲ್ಲು ಮೊದಲ ದಿನದಷ್ಟೇ ಬಿಗಿ. ಅಡ್ಡ ಬದಿಗಳಲ್ಲಿ ಮರ ಒಳಗೆ ಸರಿದಿತ್ತು, ಕಲ್ಲು ಹೊರಗೆ ಉಳಿದಿತ್ತು. ಒಂದು ಬದಿಯಲ್ಲಿ ಉದುರಿತ್ತು, ಇನ್ನೊಂದು ಬದಿಯ ಸಂದಿನಲ್ಲಿ ನನ್ನ ಉಗುರು ಆರಾಮಾಗಿ ಹೋಯಿತು. ಇಷ್ಟೆಲ್ಲ ತೋರಿಸಿದ ಮೇಲೆ ಹುಡುಗ ಕೇಳಿದ್ದೇನು ಗೊತ್ತಾ? "ಅಂಟು ಸರಿ ಇರಲಿಲ್ಲ ಅಲ್ವಾ ಸಾರ್?"

ಅಂಟಲ್ಲ ಸ್ವಾಮಿ, ಮರ! ಮರ ಒಣಗಿರಲಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ಎರಡು ಸಲ ಕಡೆಯುವುದು. ಮೊದಲ ಸಲ ಒರಟಾಗಿ. ಬಟ್ಟಲಿನ ಅಗಲದ ಹತ್ತನೇ ಒಂದು ಪಾಲು ಗೋಡೆ ಬಿಡಿ, ಅಂದರೆ 25 ಸೆಂಟಿಮೀಟರ್ ಬಟ್ಟಲಿಗೆ ಎರಡೂವರೆ ಸೆಂಟಿಮೀಟರ್ ದಪ್ಪ. ಎಳೆಯ ತುದಿ ಕಾಣುವ ಕಡೆ ಮೇಣ ಬಳಿಯಿರಿ, ಇಲ್ಲದಿದ್ದರೆ ಅಲ್ಲಿ ಬೇಗ ಒಣಗಿ ಸೀಳುತ್ತದೆ. ನೆರಳಲ್ಲಿ ಇಡಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಟ್ಟಲಿನ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ತೂಕ ಇಳಿಯುತ್ತಲೇ ಇರುತ್ತದೆ. ಕೆಲವು ವಾರ ಅಲುಗದೆ ನಿಂತರೆ ಒಣಗಿತು ಅಂತ ಅರ್ಥ. ತಿಂಗಳುಗಟ್ಟಲೆ ಆಗುತ್ತದೆ, ಆಗಲಿ. ಚನ್ನಪಟ್ಟಣದವರು ಬೊಂಬೆಗೆ ಬಳಸುವ ಸಣ್ಣ ಸಣ್ಣ ಆಲೆ ಮರದ ತುಂಡುಗಳನ್ನೇ ಎರಡು ಮೂರು ತಿಂಗಳು ಒಣಗಿಸುತ್ತಾರೆ. ನಿಮ್ಮದು ಅದಕ್ಕಿಂತ ದೊಡ್ಡದು.

ಒಣಗಿದ ಮೇಲೆ ಎರಡನೇ ಸಲ ಹೊರಮೈ ದುಂಡಗೆ ಕಡೆಯಿರಿ. ಒಳಗಡೆ ಇನ್ನೂ ತೆಗೆಯಬೇಡಿ, ಗೋಡೆ ದಪ್ಪ ಇರಲಿ, ಕಲ್ಲು ಕೂತ ಮೇಲೆ ತೆಗೆದರಾಯಿತು. ಅಂಚಿನ ಕೆಳಗೆ ಸುತ್ತಲೂ ಮೂರು ಮಿಲಿಮೀಟರ್ ಆಳದ ಗಾಡಿ, ಅಂದರೆ ಕಲ್ಲು ಕೂರುವ ತೋಡು, ತೆಗೆಯಿರಿ. ಅದಕ್ಕೂ ಅಕ್ಕಪಕ್ಕಕ್ಕೂ ತೆಳ್ಳಗೆ ಅರಗಿನ ಪಾಲಿಶ್ ಹಚ್ಚಿ, ಅಂಟು ಹರಡಿ ಮರ ಕಲೆಯಾಗುವುದು ತಪ್ಪುತ್ತದೆ. ಮೊದಲು ಕಲ್ಲಿನ ದಪ್ಪ ಚೂರು, ಸಂದಿಗೆ ಅದರದ್ದೇ ನುಣ್ಣನೆಯ ಪುಡಿ, ಮೇಲೆ ಫೆವಿಕ್ವಿಕ್ ತರಹದ ತೆಳು ಅಂಟು ಹನಿ ಹನಿಯಾಗಿ. ಒಂದೇ ಸಲ ಸುರಿದರೆ ಬಿಸಿಯಾಗಿ ನೊರೆ ಬರುತ್ತದೆ. ಗಾಡಿಗಿಂತ ಸ್ವಲ್ಪ ಮೇಲೆ ಬರುವಷ್ಟು ತುಂಬಿ, ಗಟ್ಟಿಯಾದ ಮೇಲೆ ಕಡೆದು ಸಮ ಮಾಡಿ. ಮರಳು ಕಾಗದವನ್ನು ಬರಿ ಬೆರಳಲ್ಲಿ ಒತ್ತಬೇಡಿ, ಹಿಂದೆ ಒಂದು ಗಟ್ಟಿ ಮರದ ತುಂಡು ಇರಲಿ. ಇಲ್ಲದಿದ್ದರೆ ಮರ ತಗ್ಗಿ ಕಲ್ಲು ಉಬ್ಬಿ ನಿಲ್ಲುತ್ತದೆ.

ಯಾವ ಕಲ್ಲು? ಉಳಿಗಿಂತ ಮೆತ್ತಗಿರುವುದು. ಬೇಲೂರು, ಹಳೇಬೀಡಿನ ಕನ್ನಡಿಯಂಥ ದುಂಡು ಕಂಬಗಳನ್ನು ನೋಡಿದ್ದೀರಲ್ವಾ? ಅವನ್ನೂ ತಿರುಗಿಸಿಯೇ ಕಡೆದದ್ದು. ಬಳಪದ ಕಲ್ಲು ಮೆತ್ತಗಿದ್ದುದರಿಂದ ಅದು ಸಾಧ್ಯವಾಯಿತು. ನಿಮಗೂ ಅದೇ ಆದೀತು, ಶಹಾಬಾದ್ ಕಲ್ಲೂ ಆದೀತು. ಇಳಕಲ್ ಗ್ರಾನೈಟ್ ಬೇಡ, ಉಳಿಯ ಬಾಯಿ ಹೋಗುತ್ತದೆ. ಫಿರೋಜಾ ಅಂತ ಅಗ್ಗಕ್ಕೆ ಸಿಗುವ ನೀಲಿ ಕಲ್ಲು ಬಹಳ ಸಲ ಬಣ್ಣ ಹಾಕಿದ ಬಿಳಿ ಕಲ್ಲು, ಹೌಲೈಟ್. ಚಿಂತೆಯಿಲ್ಲ, ಮೆತ್ತಗಿರುತ್ತದೆ, ಕೆಲಸ ಸುಲಭ.

ಕಲ್ಲಿನ ಧೂಳು ಒಳಗೆ ಹೋಗಬಾರದು, ಮಾಸ್ಕ್ ಹಾಕಿ. ಸೆರಗು, ದುಪಟ್ಟಾ, ಕೈಗವಸು ಲೇತ್ ಹತ್ತಿರ ಬೇಡವೇ ಬೇಡ. ಮೆರುಗಿನ ಬಗ್ಗೆ ಹೇಳುವಷ್ಟು ಹೊತ್ತು ಉಳಿದಿಲ್ಲ. ಅರಗು, ಮೇಣ, ಯಾವುದಾದರೂ ಆಗುತ್ತದೆ. ಈ ಮಳೆಗಾಲದಲ್ಲಿ ನಿಮ್ಮ ತೋಟದಲ್ಲಿ ಮಾವೋ ಹಲಸೋ ಬಿದ್ದರೆ ಸೌದೆಗೆ ಕೊಟ್ಟುಬಿಡಬೇಡಿ. ಆ ವಾರವೇ ತುಂಡು ಮಾಡಿಸಿ, ತುದಿಗಳಿಗೆ ಮೇಣ ಬಳಿದು, ಮೇಲೆ ತಾರೀಖು ಬರೆದು ಅಟ್ಟದ ಮೇಲೆ ಹಾಕಿ. ನಮಸ್ಕಾರ.