ಕೊನೆಯ ಕಾರ್ಡು ಇನ್ನೊಬ್ಬರ ಜೇಬಿನಲ್ಲಿದೆ

ಎಲ್ಲರಿಗೂ ನಮಸ್ಕಾರ.

ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಕಾರ್ಡು ಬರುತ್ತಿದ್ದ ಕಾಲ ಇಲ್ಲಿ ಕೂತಿರುವ ಹಲವರಿಗೆ ನೆನಪಿರಬೇಕು. ಗಮ್ಮು ಬಾಯಿಗೆ, ಕಾರ್ಡು ಜೇಬಿಗೆ. ನನಗೆ ಒಬ್ಬನೇ ಆಟಗಾರ ಆರು ಸಲ ಬಂದಿದ್ದ. ಪಕ್ಕದ ಬೀದಿಯ ಹುಡುಗ ಅದೇ ಕಾರ್ಡಿಗಾಗಿ ರಜೆಯೆಲ್ಲಾ ಹುಡುಕಾಡಿದ್ದ. ನನಗೆ ಗೊತ್ತಾಗಿದ್ದು ಅವರ ಮನೆಯವರು ಊರು ಬಿಟ್ಟು ಹೋದ ಮೇಲೆ. ಆ ಬೇಜಾರು ಇನ್ನೂ ಇದೆ.

ಆಮೇಲೆ ನಾನು ಫುಟ್‌ಬಾಲ್ ವಿಶ್ವಕಪ್ಪಿನ ಸ್ಟಿಕ್ಕರ್ ಆಲ್ಬಮ್‌ಗೆ ಬಿದ್ದೆ. ಇಟಲಿಯ ಮೊಡೆನಾ ಊರಿನ ಪಾನೀನಿ ಕಂಪನಿ 1970ರ ಮೆಕ್ಸಿಕೊ ವಿಶ್ವಕಪ್ಪಿನಿಂದ ಇದನ್ನು ತರುತ್ತಿದೆ. ಆಲ್ಬಮ್‌ನಲ್ಲಿ ನಂಬರು ಹಾಕಿದ ಖಾಲಿ ಚೌಕಗಳಿರುತ್ತವೆ, ಪೊಟ್ಟಣದಲ್ಲಿ ಬರುವ ಸ್ಟಿಕ್ಕರ್ ಅಂಟಿಸಿ ಅವನ್ನು ತುಂಬಬೇಕು. ಪೊಟ್ಟಣ ಒಡೆಯುವ ತನಕ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ.

2018ರ ಆಲ್ಬಮ್ಮನ್ನೇ ತೆಗೆದುಕೊಳ್ಳಿ. ಒಟ್ಟು 682 ಸ್ಟಿಕ್ಕರ್. ಪೊಟ್ಟಣಕ್ಕೆ ಐದು. ಒಂದೂ ಡಬಲ್, ಅಂದರೆ ಆಗಲೇ ಇರುವ ಸ್ಟಿಕ್ಕರ್ ಮತ್ತೆ, ಬರದಿದ್ದರೆ 137 ಪೊಟ್ಟಣ ಸಾಕು. ಆದರೆ ಡಬಲ್ ಬಂದೇ ಬರುತ್ತದೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಗಣಿತದ ಪ್ರೊಫೆಸರ್ ಪಾಲ್ ಹಾರ್ಪರ್ ಲೆಕ್ಕ ಹಾಕಿದರು. ಯಾರ ಜೊತೆಗೂ ಅದಲು ಬದಲು ಮಾಡದೆ ಒಬ್ಬರೇ ಕೊಳ್ಳುತ್ತಾ ಹೋದರೆ ಸರಾಸರಿ 967 ಪೊಟ್ಟಣ ಬೇಕು. ಆಗಿನ ಬೆಲೆಗೆ ಖರ್ಚು 773 ಪೌಂಡಿಗೂ ಜಾಸ್ತಿ.

ಈ ದುಡ್ಡು ಎಲ್ಲಿ ಹೋಗುತ್ತದೆ ನೋಡಿ. ಅರ್ಧ ಆಲ್ಬಮ್ ಸುಮಾರು 95 ಪೊಟ್ಟಣಕ್ಕೇ ತುಂಬುತ್ತದೆ. ಕೊನೆಯ 19 ಸ್ಟಿಕ್ಕರ್‌ಗಳೇ ಸುಮಾರು 480 ಪೊಟ್ಟಣ ನುಂಗುತ್ತವೆ. ಒಂದೇ ಒಂದು ಉಳಿದಿದ್ದರೆ ಅದೊಂದಕ್ಕೇ ಸರಾಸರಿ 136. ಅಂದರೆ, ಡಬಲ್ ಇಲ್ಲದೆ ಇಡೀ ಆಲ್ಬಮ್ ತುಂಬಲು ಬೇಕಾದಷ್ಟು ಪೊಟ್ಟಣ ಕೊನೆಯ ಒಂದು ಚೌಕಕ್ಕೆ ಬೇಕು! ಅದೇ ಸ್ಟಿಕ್ಕರ್ ಇನ್ಯಾರದೋ ಮನೆಯಲ್ಲಿ ಡಬಲ್ ಆಗಿ ಸುಮ್ನೆ ಬಿದ್ದಿರುತ್ತದೆ.

ಮ್ಯಾಡ್ರಿಡ್‌ನ ರಾಸ್ತ್ರೊ ಸಂತೆಯ ಹತ್ತಿರ ಕಾಂಪಿಯೊ ದೆಲ್ ಮುಂದೊ ನುಯೆವೊ ಅಂತ ಒಂದು ಚೌಕ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ ಡಬಲ್ ಬದಲಾಯಿಸಿಕೊಳ್ಳುವವರು ಸೇರುತ್ತಾರೆ. ಇಟಲಿಯ ಮಕ್ಕಳು ಇದಕ್ಕೆ ಒಂದು ಮಂತ್ರವನ್ನೇ ಮಾಡಿಕೊಂಡಿದ್ದಾರೆ: 'ಚೆಲೊ, ಚೆಲೊ, ಮಂಕಾ.' ನಮ್ಮ ಭಾಷೆಯಲ್ಲಿ 'ಐತೆ, ಐತೆ, ಇಲ್ಲ.' ಒಬ್ಬರು ರಬ್ಬರ್ ಬ್ಯಾಂಡ್ ಬಿಚ್ಚಿ ಕಟ್ಟನ್ನು ಹೆಬ್ಬೆರಳಿನಿಂದ ತಳ್ಳುತ್ತಾ ಹೋಗುತ್ತಾರೆ. ಎದುರಿನವರು ಪಟ್ಟಿ ಹಿಡಿದು ನೋಡುತ್ತಾರೆ. ಐತೆ, ಐತೆ, ಐತೆ... 'ಇಲ್ಲ!' ಅಂದಾಗ ಹೆಬ್ಬೆರಳು ನಿಲ್ಲುತ್ತದೆ. ಆ ಕ್ಷಣಕ್ಕಾಗಿಯೇ ನಾನು ಇದರಲ್ಲಿದ್ದೇನೆ.

ಮೆಸ್ಸಿ, ರೊನಾಲ್ಡೊ ಚಿತ್ರಗಳನ್ನು ಬೇಕಂತಲೇ ಕಡಿಮೆ ಅಚ್ಚು ಹಾಕುತ್ತಾರೆ ಎಂಬ ಅನುಮಾನ ಹಳೆಯದು. ಜಿನೀವಾ ವಿಶ್ವವಿದ್ಯಾಲಯದ ಸಾರ್ಡಿ ಮತ್ತು ವೆಲೆನಿಕ್ 2010ರ ಆಲ್ಬಮ್ ಹಿಡಿದು ಪೊಟ್ಟಣಗಳನ್ನು ಒಡೆದು ಎಣಿಸಿದರು. ಹಾಗೆ ಮಾಡಿದ ಗುರುತು ಸಿಗಲಿಲ್ಲ. ಹಾಗಾಗಿ ಒಂದು ಮೆಸ್ಸಿಗೆ ಮೂರು ಕೇಳುವುದನ್ನು ನಾನು ಒಪ್ಪುವುದಿಲ್ಲ. ಸೆಟ್ ಮುಗಿಸುವವರಿಗೆ ಮೆಸ್ಸಿಯೂ ಒಂದು ನಂಬರು, ಹೆಸರೇ ಕೇಳದ ಮೂರನೇ ಗೋಲ್‌ಕೀಪರೂ ಒಂದು ನಂಬರು. ಒಂದಕ್ಕೆ ಒಂದು. ಚೌಕಾಸಿ ಮಾಡಿದವರ ಹತ್ತಿರ ಮುಂದಿನ ವಾರ ಯಾರೂ ಬರುವುದಿಲ್ಲ.

ಬದಲಾಯಿಸಿಯೂ ಮುಗಿಯದ ಸೆಟ್ ಒಂದಿತ್ತು. 1933ರಲ್ಲಿ ಅಮೆರಿಕದ ಬಾಸ್ಟನ್‌ನ ಗೌಡಿ ಗಮ್ ಕಂಪನಿ 240 ನಂಬರಿನ ಬೇಸ್‌ಬಾಲ್ ಕಾರ್ಡು ತಂದಿತು. 106ನೇ ಕಾರ್ಡನ್ನು ಮಾತ್ರ ಅಚ್ಚೇ ಹಾಕಲಿಲ್ಲ. ಮಕ್ಕಳು ಅದಕ್ಕಾಗಿ ಗಮ್ ಕೊಳ್ಳುತ್ತಲೇ ಇರಲಿ ಅಂತ! ಯಾರ ಕಟ್ಟಿನಲ್ಲೂ ಇಲ್ಲದ್ದನ್ನು ಯಾರು ಯಾರಿಗೆ ಕೊಡುವುದು? ಜನ ಕಾಗದ ಬರೆದು ಜಗಳ ತೆಗೆದರು. 1934ರಲ್ಲಿ ಕಂಪನಿ ಬೇಸ್‌ಬಾಲ್ ಆಟಗಾರ ನೆಪೋಲಿಯನ್ ಲಾಜೊವೆ ಅವರ ಕಾರ್ಡು ಅಚ್ಚು ಹಾಕಿ, ಬರೆದವರಿಗೆ ಅಂಚೆಯಲ್ಲಿ ಕಳಿಸಿತು. ಕಾಗದಕ್ಕೆ ಸಿಕ್ಕಿಸಿದ್ದ ಪೇಪರ್ ಕ್ಲಿಪ್ಪಿನ ಗುರುತು ಇವತ್ತಿಗೂ ಹಲವು ಕಾರ್ಡುಗಳ ಮೇಲಿದೆ. ಮಕ್ಕಳಿಗೆ ಮಾಡಿದ ಆ ಮೋಸಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹೊಸಬರಿಗೆ ಒಂದೆರಡು ಮಾತು. ಎರಡು ಪಟ್ಟಿ ಇಟ್ಟುಕೊಳ್ಳಿ, ಬೇಕಾದದ್ದು ಒಂದು, ಡಬಲ್ ಇನ್ನೊಂದು. ಎರಡನ್ನೂ ನಂಬರಿನ ಕ್ರಮದಲ್ಲಿ ಬರೆಯಿರಿ. ಅಂಚೆಯಲ್ಲಿ ಕಳಿಸುವಾಗ ಎರಡು ರಟ್ಟಿನ ನಡುವೆ ಇಡಿ, ಮೂಲೆ ಮಡಚಬಾರದು. ನಿಮ್ಮ ಸೆಟ್ ಮುಗಿದರೂ ಡಬಲ್‌ಗಳನ್ನು ಎಸೆಯಬೇಡಿ.

ನನ್ನ 2018ರ ಆಲ್ಬಮ್‌ನಲ್ಲಿ ಇನ್ನೂ ಮೂರು ಚೌಕ ಖಾಲಿ ಇವೆ: 87, 312, 540. ನನ್ನ ಡಬಲ್ ಕಟ್ಟು ಆ ಮೇಜಿನ ಮೇಲಿದೆ. ಕಾಫಿ ಕುಡಿಯುತ್ತಾ ನೋಡೋಣ, ಬನ್ನಿ.